ಗಜನಿಯನ್ನು ಪಾಳು ಎನ್ನಬೇಡ

ಕಾರವಾರದ ಕಡೆ ಹೊಳೆಯಂಚಿನ ಜವುಗನ್ನೆಲ್ಲ ಪಾಳು ಬಿಟ್ಟಿದ್ದೀರಿ, ಮಣ್ಣು ತುಂಬಿಸಿ ಸಾಗುವಳಿಗೆ ತರಬಾರದೇ ಎಂದು ಕೇಳಿದ್ದೀಯ. ನೀನು ಕಂಡದ್ದು ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೆಲದ ಭತ್ತದ ಗದ್ದೆ. ತಲೆಮಾರುಗಳ ಹಿಂದೆಯೇ ಅದು ಸಾಗುವಳಿಗೆ ಬಂದ ನೆಲ.

ಉಬ್ಬರದ ಹೊತ್ತಿಗೆ ಕಾಳಿ, ಅಘನಾಶಿನಿ ಅಳಿವೆಗಳಲ್ಲಿ ಉಪ್ಪುನೀರು ಒಳಕ್ಕೆ ಏರುತ್ತದೆ. ಹಿರಿಯರು ಅದಕ್ಕೆ ಒಡ್ಡು ಕಟ್ಟಿ, ತೂಬಿಗೆ ಹಲಗೆಯ ಬಾಗಿಲು ಇಟ್ಟರು. ಇಳಿತದಲ್ಲಿ ಗದ್ದೆಯ ನೀರು ಹೊರಗೆ ಹೋಗುತ್ತದೆ, ಉಬ್ಬರಕ್ಕೆ ಬಾಗಿಲು ಮುಚ್ಚಿರುತ್ತದೆ. ಗೋವೆಯ ಖಾಜನ್ ಗದ್ದೆಗಳದ್ದೂ ಇದೇ ಕ್ರಮ. ಕೇರಳದ ಕುಟ್ಟನಾಡಿನಲ್ಲಿ ನೆಲ ಸಮುದ್ರಮಟ್ಟಕ್ಕಿಂತಲೂ ಕೆಳಗಿರುವುದರಿಂದ ಪಂಪು ಇಟ್ಟು ನೀರೆತ್ತುತ್ತಾರೆ. ನಮಗೆ ಆ ಖರ್ಚಿಲ್ಲ. ಜೂನ್ ಮಳೆ ಉಪ್ಪನ್ನು ತೊಳೆದ ಮೇಲೆ ಕುಮಟೆಯ ಮಾಣಿಕಟ್ಟೆಯಂಥ ಊರುಗಳಲ್ಲಿ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಎರಚುತ್ತಾರೆ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ತಾಳಿಕೊಳ್ಳುವ ತಳಿ ಅದು, ಗೊಬ್ಬರವನ್ನೂ ಬೇಡುವುದಿಲ್ಲ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡರೆ ಕೊಳೆತ ಕೂಳೆಯೇ ಮೀನು, ಸಿಗಡಿಗಳಿಗೆ ಮೇವು.

ಜಗಳ ಇರುವುದು ಬಾಗಿಲಿನ ವಿಷಯದಲ್ಲಿ. ಸಿಗಡಿ ಗುತ್ತಿಗೆದಾರನಿಗೆ ಉಪ್ಪುನೀರು ಆದಷ್ಟು ದಿನ ಒಳಗಿರಬೇಕು, ಭತ್ತದವನಿಗೆ ಮಳೆಗೆ ಮೊದಲೇ ಅದು ಖಾಲಿಯಾಗಬೇಕು. ಗುತ್ತಿಗೆಯ ಹಣ ರೈತನ ಕೈಗೆ ಬೇಗ ಬರುತ್ತದೆ, ಬಾಗಿಲು ಮಾತ್ರ ಗುತ್ತಿಗೆದಾರನ ಕೈಗೇ ಹೋಗುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟು ಸಾಗುವಳಿ ಭೂಮಿಯನ್ನು ಸಿಗಡಿ ಕೆರೆ ಮಾಡಬಾರದೆಂದಿತು. ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು, ಸರಿಯೇ. ಆದರೆ ಬಾಗಿಲನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದನ್ನು ಗದ್ದೆಯ ಬದುವಿನ ಮೇಲೆ ನಿಂತು ಹೇಳುವವರು ಯಾರು?

ಈ ಎಳೆದಾಟದಲ್ಲಿ ಒಡ್ಡಿನ ಕಡೆ ಯಾರ ಗಮನವೂ ಇರುವುದಿಲ್ಲ. ಏಡಿ ಕೊರೆದ ಒಂದು ಬಿಲ ಸಾಕು, ಹುಣ್ಣಿಮೆಯ ಉಬ್ಬರ ಅದನ್ನು ಅಗಲಿಸಿ ಒಡ್ಡನ್ನೇ ಒಡೆಯುತ್ತದೆ. ಆ ವರ್ಷ ಬೆಳೆ ಇಲ್ಲ. ಹಾಗೇ ಬಿಟ್ಟರೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳು ಗದ್ದೆಯಲ್ಲೇ ಬೇರೂರುತ್ತವೆ. ಒಡ್ಡಿನ ಹೊರಗೆ ಅಲೆಯ ಹೊಡೆತ ತಡೆಯಲೆಂದು ನಾವೇ ಉಳಿಸಿಕೊಂಡ ಗಿಡ ಅದು. ಒಳಗೆ ಬೆಳೆದರೆ ಕರಾವಳಿ ನಿಯಮದಡಿ ಕಡಿಯುವಂತಿಲ್ಲ, ಪಹಣಿಯಲ್ಲಿ ಭತ್ತದ ಗದ್ದೆ ಎಂದಿದ್ದರೂ ಬಿತ್ತುವಂತಿಲ್ಲ. ಕಾಂಡ್ಲಾ ಬೇಕೆನ್ನುವವನೇ ನಾನು. 2024ರಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜವುಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಹೆಮ್ಮೆಪಟ್ಟೆ. ಆ ಅಳಿವೆಯ ಬದುಕಿನಲ್ಲಿ ಗಜನಿಯ ರೈತನೂ ಸೇರಿದ್ದಾನೆ ಎಂದಷ್ಟೇ ನನ್ನ ವಾದ.

1956ಕ್ಕೆ ಮೊದಲು ಮುಂಬಯಿ ಆಡಳಿತದಲ್ಲಿದ್ದೆವು, ಆಗ ಅಲ್ಲಿ 1948ರ ಖಾರ್ ಜಮೀನು ಕಾಯ್ದೆ ಇತ್ತು. ಉಪ್ಪುನೆಲಕ್ಕೆಂದೇ ಒಂದು ಕಾನೂನು ಬೇಕೆಂದು ಅಂದಿನವರಿಗೆ ಹೊಳೆದಿತ್ತು. ಇಂದಿನವರಿಂದ ನಾವು ಕೇಳುತ್ತಿರುವುದು ಹೆಚ್ಚೇನಲ್ಲ: ಮೇ ಮುಗಿಯುವ ಮೊದಲು ಒಡ್ಡಿನ ದುರಸ್ತಿ ಆಗಲಿ, ಬಿತ್ತುವ ತಿಂಗಳುಗಳಲ್ಲಿ ತೂಬಿನ ಬಾಗಿಲು ಬಿತ್ತುವವರ ವಶದಲ್ಲಿರಲಿ.