ಕ್ಯಾಸೆಟ್‌ನಿಂದ ಇಳಿಸಿದ ಆಡಿಯೊ ಒಂದೇ ಕಿವಿಗೆ ಕೇಳಿಸ್ತಿದೆಯಾ?

ಪ್ರಶ್ನೆ: ಅಪ್ಪ ಮನೆಯಲ್ಲೇ ರೆಕಾರ್ಡ್ ಮಾಡಿದ್ದ ಮಾತುಕತೆಯ ಹಳೆ ಕ್ಯಾಸೆಟ್‌ಗಳನ್ನು ಟೇಪ್ ಡೆಕ್‌ನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಹೆಡ್‌ಫೋನ್ ಹಾಕಿದರೆ ಎಡಗಿವಿಗೆ ಮಾತ್ರ ಕೇಳಿಸುತ್ತದೆ, ಬಲಗಡೆ ಏನೂ ಇಲ್ಲ. ಅಪ್ಪನ ರೆಕಾರ್ಡರ್ ಮೋನೊ (ಎಡ, ಬಲ ಅಂತ ಬೇರೆ ಮಾಡದೆ ಒಂದೇ ಧ್ವನಿ ಹಿಡಿಯುವಂಥದ್ದು) ಆಗಿತ್ತು. ಅದಕ್ಕೇ ಹೀಗಾಗಿದೆಯಾ? ಎಲ್ಲವನ್ನೂ ಮತ್ತೆ ಇಳಿಸಬೇಕಾ?

ಉತ್ತರ: ಅಪ್ಪನ ರೆಕಾರ್ಡರ್‌ನದೇನೂ ತಪ್ಪಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್‌ನಲ್ಲಿ ಒಂದು ಜಾಣತನವಿದೆ. ಮೋನೊ ರೆಕಾರ್ಡರ್ ಬಳಸುವ ಪಟ್ಟಿಯ ಅಗಲದೊಳಗೇ ಸ್ಟೀರಿಯೊದ ಎಡ, ಬಲ ಎರಡೂ ಟ್ರ್ಯಾಕ್ ಅಕ್ಕಪಕ್ಕ ಕೂರುತ್ತವೆ. ಹಾಗಾಗಿ ಮೋನೊ ಕ್ಯಾಸೆಟನ್ನು ಸ್ಟೀರಿಯೊ ಡೆಕ್‌ಗೆ ಹಾಕಿದರೆ ಎರಡೂ ಕಡೆ ಕೇಳಿಸಲೇಬೇಕು. ಒಂದೇ ಕಡೆ ಬರುತ್ತಿದೆ ಅಂದರೆ ದಾರಿಯಲ್ಲಿ ಎಲ್ಲೋ ತಪ್ಪಿದೆ.

ಎಲ್ಲಿ ಅಂತ ಹುಡುಕೋದು ಸುಲಭ. ಡೆಕ್‌ನ ಹಿಂದೆ ಇರುವ ಕೆಂಪು, ಬಿಳಿ ಪಿನ್‌ಗಳನ್ನು ಅದಲು ಬದಲು ಮಾಡಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಈಗ ಎಡಗಡೆ ಖಾಲಿಯಾಗಿ ಬಲಗಡೆ ಸೌಂಡ್ ಬಂದರೆ ತೊಂದರೆ ಡೆಕ್‌ನಲ್ಲಿದೆ. ಮೊದಲಿನಂತೆ ಬಲಗಡೆಯೇ ಖಾಲಿ ಇದ್ದರೆ ಕೇಬಲ್ಲೋ ಲ್ಯಾಪ್‌ಟಾಪೋ ಕಾರಣ.

ಕೇಬಲ್ ಅನ್ನೋದಾದರೆ ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ ನೋಡಿ. ಅದರ ಮೇಲೆ ಒಂದೇ ಕಪ್ಪು ಗೆರೆ ಇದ್ದರೆ ಮೋನೊ, ಎರಡಿದ್ದರೆ ಸ್ಟೀರಿಯೊ. ಪಿನ್ ಸರಿಯಿದ್ದೂ ಹೀಗಾದರೆ ಲ್ಯಾಪ್‌ಟಾಪಿನ ಮೈಕ್ ತೂತಿನ ಮೇಲೆ ಅನುಮಾನಪಡಿ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನಿಗೂ ಮೈಕಿಗೂ ಒಂದೇ ತೂತು, ಅದರ ಮೈಕ್ ಮೋನೊ. ಅದು ಮೈಕಿಗೆ ಅಂತ ಮಾಡಿದ್ದು, ಡೆಕ್‌ಗಲ್ಲ. ಸ್ಟೀರಿಯೊ ಲೈನ್ ಇನ್ (ಡೆಕ್‌ನಂಥ ಸಾಧನದ ಧ್ವನಿ ತಗೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಕೊಳ್ಳುವಾಗ ಲೈನ್ ಇನ್ ಇದೆಯಾ ಅಂತ ಕೇಳಿಯೇ ಕೊಳ್ಳಿ. ಅಗ್ಗದ ಎಷ್ಟೋ ಕಾರ್ಡ್‌ಗಳಲ್ಲೂ ಬರೀ ಮೋನೊ ಮೈಕ್ ಇರುತ್ತದೆ.

ತೊಂದರೆ ಡೆಕ್‌ನದಾದರೆ ಮೊದಲು ಟೇಪಿಗೆ ತಾಗಿ ಧ್ವನಿ ಓದುವ ಭಾಗವಾದ ಹೆಡ್ ಒರೆಸಿ. ಟೇಪಿನಿಂದ ಉದುರಿದ ಕಂದು ಪುಡಿ ಅಲ್ಲಿ ಮೆತ್ತಿಕೊಂಡಿರುತ್ತದೆ. ಸ್ಟೀರಿಯೊದ ಒಂದೊಂದು ಟ್ರ್ಯಾಕ್ ಸುಮಾರು 0.6 ಮಿಲಿಮೀಟರ್ ಅಗಲ, ಅಷ್ಟೇ. ಕಣ್ಣಿಗೆ ಕಾಣದಷ್ಟು ಕೊಳೆ ಕೂತರೂ ಒಂದು ಕಡೆ ಪೂರ್ತಿ ಮಂಕಾಗಬಹುದು. ಡೆಕ್ ಆಫ್ ಮಾಡಿ, ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಮೆಲ್ಲಗೆ ಒರೆಸಿ, ಒಣಗಲು ಬಿಡಿ. ಕಡ್ಡಿ ಕಂದಾಗದೆ ಬರುವ ತನಕ ಹೊಸ ಹೊಸ ಕಡ್ಡಿ ಬಳಸಿ.

ಮತ್ತೆ ಇಳಿಸಬೇಕಾ ಅಂತ ಕೇಳಿದ್ದೀರಿ. ಮೋನೊ ರೆಕಾರ್ಡಿಂಗ್ ಆದ್ದರಿಂದ ಬೇಕಿಲ್ಲ. ಎಡಗಡೆ ಇರುವುದೇ ಪೂರ್ತಿ ಧ್ವನಿ. ಅದೇ ಸ್ಟೀರಿಯೊ ಹಾಡಿನ ಕ್ಯಾಸೆಟ್ ಆಗಿದ್ದರೆ ಬಲಗಡೆಯ ವಾದ್ಯಗಳು ಫೈಲಿನಲ್ಲಿ ಇಲ್ಲವೇ ಇಲ್ಲ, ಯಾವ ಸಾಫ್ಟ್‌ವೇರೂ ತಂದುಕೊಡಲ್ಲ. ಅಂಥವನ್ನು ಮತ್ತೆ ಇಳಿಸಲೇಬೇಕು.

ನಿಮ್ಮ ಫೈಲುಗಳಿಗೆ ಉಚಿತವಾಗಿ ಸಿಗುವ ಅಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರ್ ಸಾಕು. ಮೂಲ ಫೈಲಿನ ಒಂದು ಪ್ರತಿ ಎತ್ತಿಟ್ಟು, ಇನ್ನೊಂದನ್ನು ತೆರೆಯಿರಿ. ಟ್ರ್ಯಾಕಿನ ಹೆಸರಿನ ಮೇಲೆ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೋನೊ’ ಇರುತ್ತದೆ (ಆವೃತ್ತಿ ಬದಲಾದರೆ ಹೆಸರು ತುಸು ಬದಲಾಗಬಹುದು). ಅದರ ಪಕ್ಕದಲ್ಲೇ ‘ಸ್ಪ್ಲಿಟ್ ಸ್ಟೀರಿಯೊ ಟ್ರ್ಯಾಕ್’ ಅನ್ನೋದೂ ಇದೆ. ಅದನ್ನು ಒತ್ತಿದರೆ ಟ್ರ್ಯಾಕ್ ಬೇರೆಯಾಗುತ್ತದೆ, ಸೌಂಡ್ ಮಾತ್ರ ಎಡಗಡೆಯೇ ಉಳಿಯುತ್ತದೆ. ಬೇರೆಯಾದ ಮೇಲೆ ಖಾಲಿ ಟ್ರ್ಯಾಕ್ ಅಳಿಸಿ, ಉಳಿದದ್ದನ್ನು ಮೋನೊ ಆಗಿ ಎಕ್ಸ್‌ಪೋರ್ಟ್ ಮಾಡಿ. ಮೋನೊ ಫೈಲ್ ಎರಡೂ ಕಿವಿಗೆ ಕೇಳಿಸುತ್ತದೆ.

ಎರಡನ್ನೂ ಸುಮ್ನೆ ಮಿಕ್ಸ್ ಮಾಡಿ ಮೋನೊ ಮಾಡಿದರಾಯ್ತಲ್ವಾ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮಿಕ್ಸ್ ಮಾಡಿದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಖಾಲಿ ಕಡೆಯಲ್ಲಿರುವ ಗುಂಯ್ ಶಬ್ದವೂ ಬಂದು ಸೇರುತ್ತದೆ.

ಇಷ್ಟೆಲ್ಲ ಮಾಡುವ ತನಕ ಕಾಯೋಕಾಗಲ್ಲ ಅಂದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೊ ಆಡಿಯೊ’ ಆನ್ ಮಾಡಿಕೊಂಡು ಕೇಳಿ.

ಪ್ರಶ್ನೆ: ನನ್ನ ಫೈಲಿನಲ್ಲಿ ಎರಡೂ ಕಡೆ ಸೌಂಡ್ ಇದೆ. ಆದರೆ ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಹಾಕಿದರೆ ಹಾಡುವವರ ಧ್ವನಿಯೇ ಮಾಯ!

ಉತ್ತರ: ಎಡ, ಬಲದ ಧ್ವನಿ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿವೆ. ಎರಡೂ ಸೇರಿದಾಗ ಸಮಾನವಾಗಿರುವ ಧ್ವನಿ ಒಂದನ್ನೊಂದು ಅಳಿಸಿಹಾಕುತ್ತದೆ. ಮೇಲೆ ಹೇಳಿದಂತೆ ಬೇರೆ ಮಾಡಿ, ಒಂದನ್ನು ಮಾತ್ರ ಆರಿಸಿ ‘ಇನ್ವರ್ಟ್’ ಎಫೆಕ್ಟ್ ಕೊಡಿ. ಆಮೇಲೆ ‘ಮೇಕ್ ಸ್ಟೀರಿಯೊ ಟ್ರ್ಯಾಕ್’ ಒತ್ತಿ ಜೋಡಿಸಿ. ಧ್ವನಿ ಮಾಯವಾಗದೆ ಬರೀ ಮಂಕಾಗುತ್ತಿದ್ದರೆ ಅದು ಬೇರೆ ಕಥೆ. ಡೆಕ್‌ನ ಹೆಡ್ ಕೊಂಚ ವಾಲಿದೆ. ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಮೋನೊದಲ್ಲಿ ಕೇಳುತ್ತಾ, ‘ಸ’ಕಾರ ಚುರುಕಾಗಿ ಕೇಳಿಸುವಲ್ಲಿ ನಿಲ್ಲಿಸಿ, ಮತ್ತೆ ಇಳಿಸಿಕೊಳ್ಳಿ.