32 ತೆಗೆದು 33 ಬರೆದರೆ ಕೋಡ್ ಯಾಕೆ ವೇಗವಾಗುತ್ತದೆ?

ಮ್ಯಾಟ್ರಿಕ್ಸ್ ಟ್ರಾನ್ಸ್‌ಪೋಸ್ ಮಾಡುವ, ಅಂದರೆ ಸಾಲುಗಳನ್ನು ಕಾಲಂಗಳಾಗಿಸುವ ಜಿಪಿಯು ಕರ್ನಲ್‌ನಲ್ಲಿ (ಜಿಪಿಯು ಮೇಲೆ ಓಡುವ ಫಂಕ್ಷನ್), ಮ್ಯಾಟ್ರಿಕ್ಸ್‌ನ ತುಂಡು ಇಡುವ ಅರೇ ಟೈಲ್[32][32] ಇದ್ದದ್ದನ್ನು ಟೈಲ್[32][33] ಮಾಡಿದ ಕೂಡಲೇ ವೇಗ ಜಾಸ್ತಿಯಾಯ್ತು, ಆ ಕೊನೆಯ ಕಾಲಂ ಬಳಸುವುದೇ ಇಲ್ವಲ್ಲ ಅಂತ ಕೇಳಿದ್ದೀರಿ. ಸುಮ್ನೆ ಖಾಲಿ ಕೂತಿರುವುದೇ ಅದರ ಕೆಲಸ.

ನಿಮ್ಮ ಟೈಲ್ ಇರುವುದು ಶೇರ್ಡ್ ಮೆಮೊರಿಯಲ್ಲಿ, ಅಂದರೆ ಥ್ರೆಡ್‌ಗಳು ಹಂಚಿಕೊಂಡು ಬಳಸುವ, ಚಿಪ್‌ನೊಳಗಿನ ವೇಗದ ಮೆಮೊರಿಯಲ್ಲಿ. ಎನ್‌ವಿಡಿಯಾ ಜಿಪಿಯುಗಳಲ್ಲಿ ಅದು 32 ಬ್ಯಾಂಕ್‌ಗಳಾಗಿ ಹಂಚಿಕೊಂಡಿರುತ್ತದೆ. ಮೊದಲ 4 ಬೈಟ್ 0ನೇ ಬ್ಯಾಂಕಿಗೆ, ಮುಂದಿನ 4 ಬೈಟ್ 1ನೇ ಬ್ಯಾಂಕಿಗೆ, ಹೀಗೇ 31ರ ತನಕ ಹೋಗಿ ಮತ್ತೆ 0ಗೆ. ಥೇಟ್ ಇಸ್ಪೀಟ್ ಎಲೆ ಹಂಚಿದ ಹಾಗೆ. ವಾರ್ಪ್‌ನ (ಒಟ್ಟಿಗೆ ಓಡುವ ಥ್ರೆಡ್‌ಗಳ ಗುಂಪು) 32 ಥ್ರೆಡ್‌ಗಳು ಒಂದೊಂದು ಬ್ಯಾಂಕ್ ಹಿಡಿದರೆ ಎಲ್ಲರದ್ದೂ ಒಂದೇ ಸಲಕ್ಕೆ ಮುಗಿಯುತ್ತದೆ. ಒಂದೇ ಬ್ಯಾಂಕಿನ ಬೇರೆ ಬೇರೆ ವಿಳಾಸಕ್ಕೆ ಕೈ ಹಾಕಿದರೆ ಮಾತ್ರ ಸರದಿ ಕಾಯಬೇಕು. (ಎಲ್ಲರೂ ಓದುವುದು ಒಂದೇ ವಿಳಾಸವಾದರೆ ತೊಂದರೆಯಿಲ್ಲ.)

ಈಗ ನಿಮ್ಮ ಟೈಲ್ ನೋಡಿ. ಸಾಲಾಗಿ ಬರೆಯುವಾಗ ತಕರಾರಿಲ್ಲ. ಕಾಲಂ ಓದುವಾಗ ಥ್ರೆಡ್‌ಗಳು ಹೋಗುವುದು 0, 32, 64, 96... ಹೀಗೆ 32ರ ಅಂತರದ ಫ್ಲೋಟ್‌ಗಳಿಗೆ (ಫ್ಲೋಟ್ ಅಂದರೆ 4 ಬೈಟಿನ ದಶಮಾಂಶ ಸಂಖ್ಯೆ). 32ರಿಂದ ಭಾಗಿಸಿದರೆ ಶೇಷ ಎಲ್ಲಕ್ಕೂ 0. ಅಂದರೆ 32 ಜನ ಒಂದೇ ಬಾಗಿಲಲ್ಲಿ! ಅಗಲ 33 ಮಾಡಿದಿರಿ, ವಿಳಾಸ 0, 33, 66, 99 ಆಯ್ತು. ಶೇಷ 0, 1, 2, 3. ನೂಕುನುಗ್ಗಲೇ ಇಲ್ಲ. ಇದಕ್ಕೆ ಹೋದದ್ದು ಸಾಲಿಗೊಂದು ಫ್ಲೋಟ್, ಒಟ್ಟು 128 ಬೈಟ್.

ನಾನೂ ಇದನ್ನು ಅರ್ಥ ಮಾಡಿಕೊಳ್ಳದೆ ಬಳಸಿದವನೇ. ಒಂದು ಸಲ, ಸರಿಸಂಖ್ಯೆ ಇದ್ದರೆ ಚೆಂದ ಅಂತ 34 ಬರೆದೆ. ಪ್ರೊಫೈಲರ್‌ನಲ್ಲಿ (ಕೋಡ್ ಎಲ್ಲಿ ನಿಧಾನ ಅಂತ ಅಳೆಯುವ ಸಾಧನ) ಬ್ಯಾಂಕ್ ಕಾನ್‌ಫ್ಲಿಕ್ಟ್, ಅಂದರೆ ಇದೇ ನೂಕುನುಗ್ಗಲು, ಇನ್ನೂ ಕಾಣಿಸಿತು. ಪೇಪರ್ ಮೇಲೆ ಲೆಕ್ಕ ಹಾಕಿದೆ: 0, 2, 4... 30, ಆಮೇಲೆ ಮತ್ತೆ 0. ಅರ್ಧ ಬ್ಯಾಂಕ್‌ಗಳು ಖಾಲಿ, ಉಳಿದವುಗಳ ಮುಂದೆ ಇಬ್ಬಿಬ್ಬರು. ಬೆಸಸಂಖ್ಯೆಯೇ ಬೇಕು.

ಉಪಾಯ ಹೊಸದಲ್ಲ. 1970ರ ದಶಕದ ಬರೋಸ್ ಸೈಂಟಿಫಿಕ್ ಪ್ರೊಸೆಸರ್‌ನಲ್ಲಿ 16 ಲೆಕ್ಕದ ಘಟಕಗಳಿಗೆ ಬೇಕೆಂದೇ 17 ಮೆಮೊರಿ ಬ್ಯಾಂಕ್ ಇಟ್ಟಿದ್ದರು. 17 ಅವಿಭಾಜ್ಯ ಸಂಖ್ಯೆ ಅಲ್ವಾ, ಹಾಗಾಗಿ ಒಂದು ವಿಳಾಸದಿಂದ ಮುಂದಿನದಕ್ಕೆ ಹಾಕುವ ಹೆಜ್ಜೆ 17ರ ಗುಣಕ ಆಗದಿದ್ದರೆ ಸಾಕು, ಡಿಕ್ಕಿ ಇಲ್ಲ. ಅಲ್ಲಿ ಹಾರ್ಡ್‌ವೇರ್‌ನಲ್ಲೇ ಮಾಡಿದ್ದನ್ನು ನೀವು ಅರೇ ಅಗಲದಲ್ಲಿ ಮಾಡುತ್ತಿದ್ದೀರಿ.

ಶೇರ್ಡ್ ಮೆಮೊರಿ ತೀರಾ ಬಿಗಿಯಾಗಿದ್ದರೆ 32 ಅನ್ನೇ ಇಟ್ಟುಕೊಂಡು, ಕಾಲಂ ಸಂಖ್ಯೆಯನ್ನು ಸಾಲಿನ ಸಂಖ್ಯೆ ಜೊತೆ ಎಕ್ಸಾರ್ ಮಾಡಿ (ಎರಡರ ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಕೊಡುವ ಲೆಕ್ಕ). ಆಗಲೂ ಒಂದೇ ಕಾಲಂನ ಫ್ಲೋಟ್‌ಗಳು ಬೇರೆ ಬೇರೆ ಬ್ಯಾಂಕಿಗೆ ಹೋಗುತ್ತವೆ. ಒಂದು ಬೈಟೂ ಹೆಚ್ಚಿಗೆ ಬೇಡ. ಆದರೆ ಬರೆಯುವಾಗ ಮಾಡಿದ ಎಕ್ಸಾರ್ ಓದುವಾಗಲೂ ಇರಲಿ, ಇಲ್ಲದಿದ್ದರೆ ಉತ್ತರ ತಪ್ಪು ಬರುತ್ತದೆ, ಕಂಪೈಲರ್ ಮಾತ್ರ ತುಟಿ ಬಿಚ್ಚುವುದಿಲ್ಲ.