ಹರ್ಲಿಂಗ್ ಲೀಗಿನ ಪುನರ್ರಚನೆಯಿಂದ ದುರ್ಬಲ ತಂಡಗಳಿಗೆ ಲಾಭವೋ ನಷ್ಟವೋ?

ಹರ್ಲಿಂಗ್ ಎಂದರೆ ಕೋಲಿನಿಂದ ಚೆಂಡು ಹೊಡೆದು ಆಡುವ ಐರಿಶ್ ಆಟ. ಐರ್ಲೆಂಡಿನ ರಾಷ್ಟ್ರೀಯ ಹರ್ಲಿಂಗ್ ಲೀಗಿನ ವಿಭಾಗಗಳನ್ನು ಕೆಲವೇ ವರ್ಷಗಳಿಗೊಮ್ಮೆ ಕಲಸಿ ಹೊಸದಾಗಿ ಜೋಡಿಸುತ್ತಾರಲ್ಲ, ಇದರಿಂದ ದುರ್ಬಲ ಕೌಂಟಿಗಳಿಗೆ (ಜಿಲ್ಲಾ ತಂಡಗಳಿಗೆ) ಒಳಿತಾಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಬಲಿಷ್ಠರನ್ನು ಅವರಿಂದ ಪೂರ್ತಿಯಾಗಿ ಬೇರೆ ಇಡುವುದೇ ಮೇಲಲ್ಲವೇ ಎಂದೂ ಕೇಳಿದ್ದೀರಿ. ಕಿಲ್ಡೇರ್ ಕೌಂಟಿಯಲ್ಲಿ ನೆಲೆಸಿ, ಇಲ್ಲಿನ ತಂಡ ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ನೋಡುತ್ತ ಬಂದವನಾಗಿ ಉತ್ತರಿಸುತ್ತಿದ್ದೇನೆ. ಒಂದು ವಿಭಾಗದಲ್ಲಿ ಆರು ತಂಡಗಳಿರಬೇಕೋ ಏಳಿರಬೇಕೋ ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕಷ್ಟಪಟ್ಟು ಮೇಲೆ ಬಂದ ತಂಡಕ್ಕೆ ಅಲ್ಲಿ ಸೋತು ಕಲಿಯಲು ಎಷ್ಟು ಕಾಲಾವಕಾಶ ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಈ ಲೀಗ್ ಜನವರಿಯ ಕೊನೆಯಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಆ ಬಳಿಕ ಚಾಂಪಿಯನ್‌ಶಿಪ್ ನಡೆಯುತ್ತದೆ; ಅಖಿಲ ಐರ್ಲೆಂಡ್ ಎಂಬುದು ಅದರ ಅತ್ಯುನ್ನತ ಪ್ರಶಸ್ತಿ. ಕಿಲ್ಕೆನಿ, ಕಾರ್ಕ್, ಟಿಪ್ಪರರಿಯಂಥ ತಂಡಗಳಿಗೆ ಲೀಗ್ ಎಂದರೆ ಬೇಸಿಗೆಯ ದೊಡ್ಡ ಪಂದ್ಯಗಳಿಗೆ ಮೊದಲಿನ ತಾಲೀಮು. ಕೆಳಗಿನ ಕೌಂಟಿಗಳಿಗಾದರೋ ವರ್ಷದ ಪಂದ್ಯಗಳಲ್ಲಿ ಸುಮಾರು ಅರ್ಧ ಇಲ್ಲಿಯೇ ಮುಗಿದುಹೋಗುತ್ತವೆ. ಆಟಗಾರರೆಲ್ಲ ಸಂಬಳವಿಲ್ಲದ ಹವ್ಯಾಸಿಗಳು. ಹಗಲು ನೌಕರಿ ಮುಗಿಸಿ ಸಂಜೆ ಮಳೆಯಲ್ಲಿ ಅಭ್ಯಾಸಕ್ಕೆ ಬರುವವರು. ಆದ್ದರಿಂದ ಲೀಗಿನ ಸ್ವರೂಪವನ್ನು ಬದಲಿಸಿದಾಗ ದೊಡ್ಡವರಿಗೆ ತಾಲೀಮು ಮಾತ್ರ ಬದಲಾಗುತ್ತದೆ, ಚಿಕ್ಕವರಿಗೆ ಇಡೀ ವರ್ಷವೇ ಬದಲಾಗುತ್ತದೆ.

ಪುನರ್ರಚನೆಯ ಪೆಟ್ಟು ಹೇಗಿರುತ್ತದೆ ಎಂಬುದನ್ನು ತಿಳಿಯಲು ಲಿಮರಿಕ್ ತಂಡದ ಕತೆಯನ್ನು ನೋಡಬೇಕು. 2011ರಲ್ಲಿ ಅದು ಎರಡನೇ ವಿಭಾಗವನ್ನು ಗೆದ್ದಿತು. ಮರುವರ್ಷ ಮೇಲಿನ ವಿಭಾಗವನ್ನು ಆರು ತಂಡಗಳಿಗೆ ಇಳಿಸಿ 1ಎ, 1ಬಿ ಎಂದು ಒಡೆದಾಗ, ಗೆದ್ದು ಬಂದ ಲಿಮರಿಕ್ 1ಬಿಯಲ್ಲಿಯೇ, ಅಂದರೆ ಹೆಸರು ಬದಲಾದ ಎರಡನೇ ಮೆಟ್ಟಿಲಿನಲ್ಲಿಯೇ ಉಳಿಯಬೇಕಾಯಿತು. ಅಲ್ಲಿಂದ ಮೇಲೇರುವ ಅವಕಾಶ ವರ್ಷಕ್ಕೆ ಒಂದೇ ತಂಡಕ್ಕೆ ಇದ್ದುದರಿಂದ ಅದು 2018ರ ತನಕ ಕಾಯಬೇಕಾಯಿತು. ಆ ವರ್ಷ ಗಾಲ್ವೇ ತಂಡವನ್ನು ಸೋಲಿಸಿ ಮೇಲೆ ಬಂದ ಲಿಮರಿಕ್, ಅದೇ ಬೇಸಿಗೆಯಲ್ಲಿ 1973ರ ನಂತರ ಮೊದಲ ಬಾರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನೂ ಗೆದ್ದಿತು. 2015ರಲ್ಲಿ ವಾಟರ್‌ಫರ್ಡ್ ಮತ್ತು 2017ರಲ್ಲಿ ಗಾಲ್ವೇ 1ಬಿಯಲ್ಲಿದ್ದುಕೊಂಡೇ ಲೀಗ್ ಗೆದ್ದಿದ್ದವು, ಏಕೆಂದರೆ ಆಗ ಎರಡೂ ಗುಂಪುಗಳ ಮೊದಲ ನಾಲ್ಕು ತಂಡಗಳು ಕ್ವಾರ್ಟರ್ ಫೈನಲ್ ಆಡುತ್ತಿದ್ದವು. ಎರಡನೇ ಮೆಟ್ಟಿಲು ತನ್ನಷ್ಟಕ್ಕೆ ಶಾಪವಲ್ಲ ಎಂಬುದಕ್ಕೆ ಇವುಗಳನ್ನು ಉದಾಹರಿಸುವವರಿದ್ದಾರೆ. ಆದರೆ ಇವೆಲ್ಲ ಬಲವಿದ್ದೂ ಕೆಳಗಿದ್ದ ತಂಡಗಳು. ಅದೇ ಗುಂಪಿನಲ್ಲಿದ್ದ ಲೀಷ್, ಕೆರಿ, ಕಾರ್ಲೋ ತಂಡಗಳಿಗೆ 1ಬಿ ಎಂದರೆ ಲಿಮರಿಕ್ ಅಥವಾ ಗಾಲ್ವೇ ಎದುರು ಒಂದು ದಿನದ ಪಾಠ, ಮತ್ತು ಉಳಿದ ದಿನಗಳಲ್ಲಿ ಕೆಳಗೆ ಬೀಳದಂತೆ ತಮ್ಮತಮ್ಮೊಳಗಿನ ಹೋರಾಟ. 2019ರಲ್ಲಿ ಕಾರ್ಲೋ ತನ್ನ ಅಂಗಳದಲ್ಲಿ ಗಾಲ್ವೇ ಜೊತೆ ಸಮ ಮಾಡಿಕೊಂಡದ್ದನ್ನು ಇಲ್ಲಿನವರು ಇನ್ನೂ ನೆನೆಯುತ್ತಾರೆ.

2020ರಲ್ಲಿ ದಿಕ್ಕು ತಿರುಗಿತು. ಎರಡೂ ಗುಂಪುಗಳನ್ನು ಸಮಬಲದವನ್ನಾಗಿ ಹಂಚಿ, ಪ್ರತಿ ಗುಂಪಿನಲ್ಲಿಯೂ ಬಲಿಷ್ಠರನ್ನೂ ದುರ್ಬಲರನ್ನೂ ಬೆರೆಸಿದರು. ಫಲಿತಾಂಶಪಟ್ಟಿಯಲ್ಲಿ ಇದು ಕ್ರೂರವಾಗಿಯೇ ಕಂಡಿತು. ದೊಡ್ಡ ಸೋಲುಗಳು ಹುಟ್ಟುವ ಬಗೆಯನ್ನು ಮೈದಾನದ ಬದಿಯಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಇಪ್ಪತ್ತು ನಿಮಿಷ ಚಿಕ್ಕ ತಂಡ ಸರಿಸಮವಾಗಿಯೇ ಆಡುತ್ತದೆ. ಆಮೇಲೆ ಎದುರಾಳಿ ಒಂದು ಅಂಕ ಗಳಿಸುತ್ತದೆ, ಗೋಲ್‌ಕೀಪರ್ ಚೆಂಡನ್ನು ಮತ್ತೆ ಆಟಕ್ಕೆ ಹೊಡೆಯಬೇಕು. ಇದಕ್ಕೆ ಪಕ್-ಔಟ್ ಎನ್ನುತ್ತಾರೆ. ಉದ್ದಕ್ಕೆ ಹೊಡೆದರೆ ಎದುರಾಳಿಯ ಹಾಫ್-ಬ್ಯಾಕ್ (ರಕ್ಷಣಾ ಆಟಗಾರ) ಗಾಳಿಯಲ್ಲಿಯೇ ಹಿಡಿದು ನೇರವಾಗಿ ಹಿಂದಕ್ಕೆ ಕಳುಹಿಸುತ್ತಾನೆ. ಹತ್ತಿರಕ್ಕೆ ಕೊಟ್ಟರೆ ಮೂವರು ಮೈಮೇಲೆ ಬೀಳುತ್ತಾರೆ. ಚೆಂಡು ಮತ್ತೆ ಕಂಬಗಳ ನಡುವೆ ಹೋಗುತ್ತದೆ, ಮತ್ತೆ ಪಕ್-ಔಟ್. ಐದಾರು ನಿಮಿಷ ತಮ್ಮದೇ ಚೆಂಡು ತಮ್ಮ ಕೈಗೆ ಸಿಗದೆ ಹೋದರೆ, ಮೂರು ಅಂಕಗಳ ಅಂತರ ಹತ್ತಾಗಿಬಿಡುತ್ತದೆ. ಓಟವನ್ನೂ ಕಸುವನ್ನೂ ಜಿಮ್ಮಿನಲ್ಲಿ ಗಳಿಸಬಹುದು. ಆದರೆ ಆ ಒತ್ತಡದಲ್ಲಿ ಚೆಂಡನ್ನು ಅರ್ಧ ಕ್ಷಣ ಮೊದಲು ಹೊಡೆಯುವ ಅಭ್ಯಾಸ ಅಂಥ ಒತ್ತಡವನ್ನು ಮತ್ತೆ ಮತ್ತೆ ಎದುರಿಸದೆ ಬರುವುದಿಲ್ಲ.

ವೆಸ್ಟ್‌ಮೀತ್ ಇದಕ್ಕೆ ಸಾಕ್ಷಿ. 2023ರ ಲೀಗಿನಲ್ಲಿ ಅದು ತನ್ನ ಗುಂಪಿನ ತಳದಲ್ಲಿತ್ತು. ಅದೇ ಮೇ ತಿಂಗಳಲ್ಲಿ ವೆಕ್ಸ್‌ಫರ್ಡ್ ಪಾರ್ಕಿನಲ್ಲಿ ನಡೆದ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಹದಿನೈದಕ್ಕೂ ಹೆಚ್ಚು ಅಂಕ ಹಿಂದೆ ಬಿದ್ದಿದ್ದ ತಂಡ, ನಾಲ್ಕು ಗೋಲು (ಒಂದು ಗೋಲಿಗೆ ಮೂರು ಅಂಕ) ಹೊಡೆದು ಎರಡು ಅಂಕಗಳಿಂದ ಗೆದ್ದಿತು. ಚಳಿಗಾಲವಿಡೀ ಅಂಥವರ ಎದುರು ಆಡದಿದ್ದರೆ ಆ ಎರಡನೇ ಅವಧಿಯಲ್ಲಿ ಅವರಿಗೆ ಕಾಲೂರಲು ಧೈರ್ಯ ಬರುತ್ತಿತ್ತೇ ಎಂಬ ಸಂದೇಹ ನನಗಿದೆ. ಆದರೂ ಆ ವರ್ಷ ವೆಸ್ಟ್‌ಮೀತ್ ಚಾಂಪಿಯನ್‌ಶಿಪ್‌ನ ಮೇಲಿನ ಹಂತಕ್ಕೆ ಸೇರಿದ ಲೆನ್‌ಸ್ಟರ್ ಪ್ರಾಂತದ ಗುಂಪಿನಿಂದ ಕೆಳಗಿಳಿಯಿತು ಎಂಬುದನ್ನೂ ಹೇಳಲೇಬೇಕು.

2025ರಿಂದ ಮತ್ತೆ ಬೇರ್ಪಡಿಸಿದರು. 1ಎಯಲ್ಲಿ ಏಳು, 1ಬಿಯಲ್ಲಿ ಏಳು, ಎರಡು ತಂಡ ಮೇಲಕ್ಕೆ, ಎರಡು ಕೆಳಕ್ಕೆ. ಇದರಲ್ಲಿ ಮಧ್ಯಮ ಬಲದವರಿಗೆ ನಿಜವಾದ ಅನುಕೂಲವಾಗಿದೆ. ಮೊದಲ ವರ್ಷವೇ ವಾಟರ್‌ಫರ್ಡ್ ಮತ್ತು ಆಫಲಿ ಮೇಲೇರಿದವು. ಹಿಂದಿನ ವರ್ಷದ ಅಖಿಲ ಐರ್ಲೆಂಡ್ ವಿಜೇತ ಕ್ಲೇರ್, ವೆಕ್ಸ್‌ಫರ್ಡ್ ಜೊತೆ ಕೆಳಗಿಳಿಯಿತು. 1ಬಿಯಲ್ಲಿಯೇ ಉಳಿದ ಡಬ್ಲಿನ್ ಜೂನ್ ತಿಂಗಳಲ್ಲಿ ಹದಿನೈದರ ಬದಲು ಹದಿನಾಲ್ಕು ಮಂದಿಯೊಂದಿಗೆ ಆಡಿ ಲಿಮರಿಕ್ಕನ್ನು ಸೋಲಿಸಿತು. ಇಷ್ಟನ್ನು ನೋಡಿ ಹೊಸ ಪದ್ಧತಿ ಗೆದ್ದಿತು ಎನ್ನುವವರಿದ್ದಾರೆ; ನಾನು ಅಷ್ಟು ಬೇಗ ಒಪ್ಪಲಾರೆ. ಕ್ಲೇರ್, ವೆಕ್ಸ್‌ಫರ್ಡ್ ಕೆಳಗಿಳಿದರೆ ಅವರಿಗೆ ಎದುರಾಗುವವರು ಯಾರು? 2026ಕ್ಕೆ ಎರಡನೇ ವಿಭಾಗದಿಂದ ಹೊಸದಾಗಿ ಬಂದ ಕಿಲ್ಡೇರ್ ಮತ್ತು ಡೌನ್. ಮೇಲಿನವರನ್ನು ಬೇರ್ಪಡಿಸಿದರೆ ಕಂದರ ಮಾಯವಾಗುವುದಿಲ್ಲ, ಒಂದು ಮೆಟ್ಟಿಲು ಕೆಳಕ್ಕೆ ಸರಿಯುತ್ತದೆ ಅಷ್ಟೆ. ಏಳರಲ್ಲಿ ಎರಡು ತಂಡ ಬೀಳುವ ಗುಂಪಿನಲ್ಲಿ ಹೊಸಬರಿಗೆ ಸಿಗುವುದು ಆರೇ ಪಂದ್ಯಗಳು. ಅಲ್ಲಿ ಯಾವ ತರಬೇತುದಾರನೂ ಹತ್ತೊಂಬತ್ತರ ಹುಡುಗನನ್ನು ಆಡಿಸಿ ನೋಡುವ ಸಾಹಸ ಮಾಡುವುದಿಲ್ಲ.

ನಮ್ಮ ಕಿಲ್ಡೇರ್ ಈ ಏಳುಬೀಳನ್ನು ಚಾಂಪಿಯನ್‌ಶಿಪ್‌ನಲ್ಲಿ ಅನುಭವಿಸಿದೆ. ಅಲ್ಲಿ ಮೇಲಿನ ಹಂತದ ಕೆಳಗೆ ಜೋ ಮೆಕ್‌ಡೊನಾ ಕಪ್, ಅದರ ಕೆಳಗೆ ಕ್ರಿಸ್ಟಿ ರಿಂಗ್ ಕಪ್ ಇವೆ. ಕಿಲ್ಡೇರ್ 2020ರಲ್ಲಿ ಕ್ರಿಸ್ಟಿ ರಿಂಗ್ ಗೆದ್ದು ಮೇಲೇರಿ ಮರುವರ್ಷವೇ ಬಿದ್ದಿತು. 2022ರಲ್ಲಿ ಗೆದ್ದು ಮತ್ತೆ ಮರುವರ್ಷ ಬಿದ್ದಿತು. 2024ರಲ್ಲಿ ಮೂರನೆಯ ಸಲ ಗೆದ್ದು ಬಂದು, 2025ರಲ್ಲಿ ಬೀಳುವ ಬದಲು ಡಬ್ಲಿನ್ನಿನ ಮುಖ್ಯ ಕ್ರೀಡಾಂಗಣವಾದ ಕ್ರೋಕ್ ಪಾರ್ಕಿನಲ್ಲಿ ಲೀಷನ್ನು ಸೋಲಿಸಿ ಮೆಕ್‌ಡೊನಾ ಕಪ್ಪನ್ನೇ ಎತ್ತಿತು. ಮೆಕ್‌ಡೊನಾ ಹಂತದಲ್ಲಿ ಬಿಟ್ಟುಬಿಟ್ಟು ಕಳೆದ ಆ ಎರಡು ವರ್ಷಗಳು ಒಟ್ಟಿಗೇ ಸಿಕ್ಕಿದ್ದರೆ ಈ ದಿನ ಇನ್ನೂ ಬೇಗ ಬರುತ್ತಿತ್ತು ಎಂಬುದು ಇಲ್ಲಿನ ಕ್ಲಬ್ಬುಗಳಲ್ಲಿ ನಾನು ಕೇಳುವ ಮಾತು, ನನ್ನದೂ ಹೌದು. ಜನಸಂಖ್ಯೆ ಹೆಚ್ಚುತ್ತಿರುವ ಕಿಲ್ಡೇರಿನಂಥ ಕೌಂಟಿ ಮೂರು ಸಲ ಪ್ರಯತ್ನಿಸಬಲ್ಲದು. ಎಲ್ಲರಿಗೂ ಆ ಕಸುವಿರುವುದಿಲ್ಲ.

ಇನ್ನು ತೀರ ತಳದ ತಂಡಗಳ ವಿಷಯ. 2023ರಲ್ಲಿ ಕ್ಯಾವನ್, ಫರ್ಮಾನಾ, ಲೀಟ್ರಿಮ್, ಲಾಂಗ್‌ಫರ್ಡ್, ಲೌತ್ ಎಂಬ ಐದು ಕೌಂಟಿಗಳನ್ನು ಲೀಗಿನಿಂದಲೇ ಕೈಬಿಡುವ ಪ್ರಸ್ತಾಪವನ್ನು ಆಟವನ್ನು ನಡೆಸುವ ಸಂಸ್ಥೆಯಾದ ಜಿಎಎಯ ಸಮಿತಿಯೊಂದು ಮುಂದಿಟ್ಟಿತು. ಅಲ್ಲಿ ವಯಸ್ಕರ ಕ್ಲಬ್ ತಂಡಗಳೇ ಐದಕ್ಕಿಂತ ಕಡಿಮೆ, ಕೌಂಟಿ ತಂಡಕ್ಕೆ ಸುರಿಯುವ ಹಣವನ್ನು ಕ್ಲಬ್ಬುಗಳಿಗೆ ಕೊಟ್ಟರೆ ಆಟ ಬೆಳೆಯುತ್ತದೆ ಎಂಬುದು ಅವರ ವಾದ. ವಾದದ ಮೊದಲರ್ಧ ನಿಜ. ಆದರೆ ಹನ್ನೆರಡು ವರ್ಷದ ಹುಡುಗ ಹರ್ಲಿಯನ್ನು, ಅಂದರೆ ಆಟದ ಕೋಲನ್ನು, ಹಿಡಿಯಲು ಒಂದು ಕಾರಣ ಬೇಕು, ಕೌಂಟಿಯ ಅಂಗಿ ತೊಟ್ಟ ಊರಿನ ಅಣ್ಣ ಆ ಕಾರಣ. ಲೀಟ್ರಿಮ್ 2019ರಲ್ಲಿ ಕ್ರೋಕ್ ಪಾರ್ಕಿನಲ್ಲಿ ಲೋರಿ ಮಾರ್ ಕಪ್ ಗೆದ್ದದ್ದು ಕೆಳಗಿನಿಂದ ಮೊದಲನೇ ಹಂತದ ಗೆಲುವೇ ಇರಬಹುದು. ಆ ಕೌಂಟಿಗೆ ಅದು ಚಿಕ್ಕದಾಗಿರಲಿಲ್ಲ. ಆಟಗಾರರ ಸಂಘವೂ ಸೇರಿ ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಪ್ರಸ್ತಾಪವನ್ನು ಮತಕ್ಕೆ ಹಾಕುವ ಮೊದಲೇ ಹಿಂತೆಗೆದುಕೊಂಡರು. ಮರುವರ್ಷ ಲೋರಿ ಮಾರ್ ಕಪ್ ಗೆದ್ದದ್ದು ಆ ಐದರಲ್ಲೊಂದಾದ ಲಾಂಗ್‌ಫರ್ಡ್.

ವಿಭಾಗಗಳನ್ನು ಎಷ್ಟು ಜಾಣತನದಿಂದ ಜೋಡಿಸಿದರೂ ಅದರಿಂದ ಆಗದ ಕೆಲಸವೊಂದಿದೆ. ಆಫಲಿ ನಾಲ್ಕು ಸಲ ಅಖಿಲ ಐರ್ಲೆಂಡ್ ಗೆದ್ದ ಕೌಂಟಿ, ಕೊನೆಯದು 1998ರಲ್ಲಿ. 2020ರ ಹೊತ್ತಿಗೆ ಅದು ಕ್ರಿಸ್ಟಿ ರಿಂಗ್ ಕಪ್ಪಿಗೆ ಇಳಿದಿತ್ತು. ಅದನ್ನು ಮೇಲೆತ್ತಿದ್ದು ಯಾವ ಲೀಗ್ ಸೂತ್ರವೂ ಅಲ್ಲ, ಕಿರಿಯರ ತಂಡಗಳಲ್ಲಿ ವರ್ಷಗಟ್ಟಲೆ ನಡೆದ ಕೆಲಸ. 2024ರಲ್ಲಿ ಅವರ ಇಪ್ಪತ್ತರೊಳಗಿನವರ ತಂಡ ಅಖಿಲ ಐರ್ಲೆಂಡ್ ಗೆದ್ದಿತು, ಅದೇ ವರ್ಷ ಹಿರಿಯರು ಮೆಕ್‌ಡೊನಾ ಕಪ್ ಗೆದ್ದರು. ಲೀಗ್ ಮಾಡಬಹುದಾದದ್ದು ಇಷ್ಟೇ: ಬೆಳೆದು ಬಂದ ಹುಡುಗರಿಗೆ ಸರಿಯಾದ ಎದುರಾಳಿಗಳನ್ನು ಒದಗಿಸುವುದು, ಬಾಗಿಲು ಮುಚ್ಚದಿರುವುದು. ಚಾಂಪಿಯನ್‌ಶಿಪ್‌ನಲ್ಲಿ ಕೆರಿ ತಂಡಕ್ಕೆ ಅಂಥ ಬಾಗಿಲು ಅರ್ಧ ಮುಚ್ಚಿಯೇ ಇತ್ತು. 2020ರಿಂದ 2022ರವರೆಗೆ ಸತತ ಮೂರು ಮೆಕ್‌ಡೊನಾ ಫೈನಲ್ ಸೋತ ಆ ತಂಡ ಒಂದನ್ನು ಗೆದ್ದಿದ್ದರೂ, ಮನ್‌ಸ್ಟರ್ ಪ್ರಾಂತದ್ದೆಂಬ ಕಾರಣಕ್ಕೆ, ಮೇಲಿನ ಹಂತಕ್ಕೆ ಏರಲು ಆ ಪ್ರಾಂತದ ಕೊನೆಯ ಸ್ಥಾನದವರ ಎದುರು ಇನ್ನೊಂದು ಪಂದ್ಯ ಗೆಲ್ಲಬೇಕಾಗಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು: ಈಗಿನಂತೆ ಎರಡು ಏಳರ ಗುಂಪುಗಳು ಇರಲಿ, ಆದರೆ ಹೊಸದಾಗಿ ಮೇಲೆ ಬಂದ ತಂಡವನ್ನು ಮೊದಲ ವರ್ಷ ಕೆಳಗಿಳಿಸಬಾರದು. ಇದರಿಂದ ಒಂದು ವರ್ಷ ಬೀಳುವವರ ಸಂಖ್ಯೆ ಕಡಿಮೆಯಾಗಿ ಗುಂಪು ಎಂಟಾದರೂ ಏಪ್ರಿಲ್ ಹೊತ್ತಿಗೆ ಮುಗಿಸುವುದು ಅಸಾಧ್ಯವೇನಲ್ಲ. ಪ್ರತಿ ತಂಡಕ್ಕೂ ಒಂದು ಪಂದ್ಯ ಹೆಚ್ಚಾದೀತು, ಅದಕ್ಕೆ ಕ್ಲಬ್ಬುಗಳವರು ಗೊಣಗಿಯಾರು.